ಒಲೆ ಪಕ್ಕದ ಪತ್ರಗಳು: ಮಾಂಸಕ್ಕೆ ಯಾವ ಬೀರ್?

ಎರಡು ಸಂಚಿಕೆ ಹಿಂದೆ ಹಂದಿ ಮಾಂಸದ ಬಗ್ಗೆ ಬರೆಯುವಾಗ ಒಂದು ಸಾಲು ಸುಮ್ನೆ ಸೇರಿಸಿದ್ದೆ. 'ಹಡಗಿನಲ್ಲಿ ಇದಕ್ಕೆ ನಾವು ನೀರಿನ ಬದಲು ಬೀರ್ ಹಾಕುತ್ತಿದ್ದೆವು' ಅಂತ. ಅಷ್ಟೇ. ಮೀನಿನ ಬಗ್ಗೆ ಎರಡು ಪುಟ ಬರೆದರೂ ಮೂರು ಪತ್ರ ಬರುವುದಿಲ್ಲ. ಈ ಒಂದು ಸಾಲಿಗೆ ಒಂದು ಕಟ್ಟು ಪತ್ರ ಬಂದಿದೆ. ಬೈದವರೂ ಇದ್ದಾರೆ. ಹೊಸ ಓದುಗರಿಗಾಗಿ ಹೇಳಿಬಿಡುತ್ತೇನೆ: ನಾನು ಮಂಗಳೂರಿನವನು, ಇಪ್ಪತ್ತೆರಡು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿದವನು. ಕುಡಿಯಿರಿ ಅಂತ ಹೇಳುವ ಅಂಕಣ ಇದಲ್ಲ. ಪಾತ್ರೆಗೆ ಹಾಕುವವರಿಗೆ ಮಾತ್ರ.

ತುಮಕೂರಿನ ಓದುಗ: ಸರ್, ಭಾನುವಾರಕ್ಕೆ ಅಂತ ಒಂದು ಕೆ.ಜಿ. ಚಿಕನ್ ತಂದು, ಶನಿವಾರ ರಾತ್ರಿಯೇ ಒಂದು ಪೂರ್ತಿ ಬಾಟಲಿ ಸ್ಟ್ರಾಂಗ್ ಬೀರ್‌ನಲ್ಲಿ ನೆನೆಸಿಟ್ಟೆ. ಬೆಳಿಗ್ಗೆ ಆ ಬೀರ್ ಸಮೇತ ಮಸಾಲೆ ಹಾಕಿ ಗಟ್ಟಿ ಆಗುವವರೆಗೆ ಕುದಿಸಿದೆ. ಬೇವಿನ ಕಷಾಯದ ಹಾಗೆ ಆಯ್ತು. ಮಾಂಸವೂ ಮೆತ್ತಗಾಗಲಿಲ್ಲ. ಅಮ್ಮ ಪಾತ್ರೆ ಸಮೇತ ಹಿತ್ತಲಿಗೆ ಇಟ್ಟರು. ಎಲ್ಲಿ ತಪ್ಪಿದೆ?

ತಮ್ಮಾ, ಅಮ್ಮ ಮಾಡಿದ್ದು ಸರಿ. ಆದರೆ ತಪ್ಪು ನಿನ್ನೊಬ್ಬನದೇ ಅಲ್ಲ. ಬೀರ್‌ನಲ್ಲಿ ನೆನೆಸಿದರೆ ಮಾಂಸ ಬೆಣ್ಣೆ ಆಗುತ್ತದೆ ಅಂತ ಊರೆಲ್ಲ ಹೇಳುತ್ತದೆ. ನಾನೂ ಮೊದಲು ನಂಬಿದ್ದೆ.

ಮೊದಲು ಕಹಿಯ ವಿಷಯ. ಬೀರ್‌ಗೆ ಕಹಿ ಬರುವುದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ. ಬೀರ್ ತಯಾರಿಸುವಾಗ ಆ ಹೂವನ್ನು ಬಾರ್ಲಿಯ ರಸದಲ್ಲಿ ಗಂಟೆ ಹೊತ್ತು ಕುದಿಸಿಯೇ ಕಹಿ ಇಳಿಸುತ್ತಾರೆ. ಕುದಿಸಿ ಇಳಿಸಿದ ಕಹಿ ಮತ್ತೆ ಕುದಿಸಿದರೆ ಹೋಗುತ್ತದಾ? ನೀರು ಹೋಗುತ್ತದೆ, ಗ್ಯಾಸ್ ಹೋಗುತ್ತದೆ, ಆಲ್ಕೋಹಾಲ್ ಬಹುಪಾಲು ಹೋಗುತ್ತದೆ. ಕಹಿ ಮಾತ್ರ ಪಾತ್ರೆಯಲ್ಲೇ ಕೂತಿರುತ್ತದೆ. 650 ಮಿ.ಲೀ. ಬಾಟಲಿಯನ್ನು ಬತ್ತಿಸಿ 150ಕ್ಕೆ ತಂದರೆ ಇಡೀ ಬಾಟಲಿಯ ಕಹಿ ಆ 150ರೊಳಗೆ. ತಣ್ಣಗೆ ಕುಡಿಯುವಾಗ ನಾಲಿಗೆಗೆ ಗೊತ್ತೇ ಆಗದ್ದು ಬಾಣಲೆಯಲ್ಲಿ ನಾಲ್ಕು ಪಟ್ಟಾಗಿ ನಿಂತಿರುತ್ತದೆ.

ಇನ್ನು ಮೆತ್ತಗಾಗುವ ವಿಷಯ. ಬೀರ್ ಅಂದರೆ ನೂರಕ್ಕೆ ತೊಂಬತ್ತು ಪಾಲು ನೀರು. ಹುಳಿ ಇದೆ, ಆದರೆ ಬಡಪಾಯಿ ಹುಳಿ. ಪಿಎಚ್ ಲೆಕ್ಕದಲ್ಲಿ ಸುಮಾರು 4ರಿಂದ 4.5. ಆ ಲೆಕ್ಕದಲ್ಲಿ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ; ನಿಂಬೆ ರಸ 2ರ ಆಸುಪಾಸಿನಲ್ಲಿದೆ. ಮೊಸರೂ ಹೆಚ್ಚು ಕಡಿಮೆ ಬೀರ್‌ನಷ್ಟೇ ಅಂಕಿಯಲ್ಲಿದ್ದರೂ ಅದು ಗಟ್ಟಿ, ಮಾಂಸಕ್ಕೆ ಅಂಟಿಕೊಂಡು ಕೂರುತ್ತದೆ, ಹುಳಿಯ ದಾಸ್ತಾನೂ ಅದರಲ್ಲಿ ಹೆಚ್ಚು. ಗಟ್ಟಿ ಮಟನ್ ಮೆತ್ತಗಾಗಬೇಕಾದರೆ ಪರಂಗಿ ಕಾಯಿ ತುರಿದು ಹಚ್ಚಬೇಕು. ನಮ್ಮ ಕಡೆ ಅದನ್ನು ಬಪ್ಪಂಗಾಯಿ ಅನ್ನುತ್ತೇವೆ. ಅದರ ಹಾಲಿನಲ್ಲಿರುವ ಕಿಣ್ವ ಮಾಂಸವನ್ನು ನಿಜವಾಗಿ ಕಡಿಯುತ್ತದೆ. ಬೀರ್‌ಗೆ ಆ ಹಲ್ಲಿಲ್ಲ. ಬೀರ್‌ನಲ್ಲಿ ನೆನೆಸಿದ ಕೋಳಿ ರಸಭರಿತವಾಗಿತ್ತು ಅಂತ ಯಾರಾದರೂ ಹೇಳಿದರೆ, ಕೆಲಸ ಮಾಡಿದ್ದು ಅದರಲ್ಲಿದ್ದ ಉಪ್ಪು. ಹೆಸರು ಬೀರ್‌ಗೆ ಹೋಯಿತು.

ಹಾಗಾದರೆ ಬೀರ್ ಯಾಕೆ ಬೇಕು? ರುಚಿಗೆ. ನಾವು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಲ್ಟ್ ಮಾಡುತ್ತೇವಲ್ಲ, ಮಗುವಿಗೆ ಗಂಜಿ ಕಾಯಿಸಲು? ಬೀರ್‌ನ ಬುಡದಲ್ಲಿರುವುದೂ ಅದೇ ಕೆಲಸ, ಧಾನ್ಯ ಮಾತ್ರ ಬಾರ್ಲಿ. ಆ ಹುರಿದ ಧಾನ್ಯದ ಸಿಹಿ ಇದೆ ನೋಡು, ಅದು ಮಾಂಸದ ಕೊಬ್ಬಿನ ಜೊತೆ ಚೆನ್ನಾಗಿ ಕೂಡುತ್ತದೆ. ಉಳಿದ ಸಕ್ಕರೆ ಬಿಸಿ ಕಾವಲಿಯಲ್ಲಿ ಬೇಗ ಕಂದುಬಣ್ಣ ಹಿಡಿಯುತ್ತದೆ. ಬೀರ್‌ನಿಂದ ಇಷ್ಟು ನಿರೀಕ್ಷೆ ಇಟ್ಟುಕೊಂಡರೆ ಸಾಕು.

ಮುಂದಿನ ಭಾನುವಾರಕ್ಕೆ ಹೀಗೆ ಮಾಡು. ಒಂದು ಕೆ.ಜಿ. ಕೋಳಿಗೆ ಒಂದು ಲೋಟ, ಅಂದರೆ 200 ಮಿ.ಲೀ. ಬೀರ್. ಒಂದೂವರೆ ಟೀ ಚಮಚ ಉಪ್ಪು, ಶುಂಠಿ-ಬೆಳ್ಳುಳ್ಳಿ, ಖಾರದ ಪುಡಿ, ಅರಿಸಿನ. ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಫ್ರಿಜ್ಜಿನೊಳಗೆ ಎರಡು-ಮೂರು ಗಂಟೆ. ಅಲ್ಯೂಮಿನಿಯಂ ಬೇಡ. ಮೀನಾದರೆ ಅರ್ಧ ಗಂಟೆ ದಾಟಿಸಬೇಡ. ನೆನೆಸಿದ ನೀರನ್ನು ಚೆಲ್ಲಿಬಿಡು. ಹಸಿ ಕೋಳಿ ಬಿದ್ದಿದ್ದ ನೀರದು, ಸುಟ್ಟ ತುಂಡಿನ ಮೇಲೆ ಸವರಲು ಹೋಗಬೇಡ. ಗ್ರೇವಿಗೆ ಬೀರ್ ಬೇಕಿದ್ದರೆ ಹೊಸದಾಗಿ ಅರ್ಧ ಲೋಟ ಹಾಕಿ, ಬಾಕಿಗೆ ನೀರೋ ತೆಂಗಿನ ಹಾಲೋ ಹಾಕು.

ಅದಕ್ಕೂ ಮೊದಲು ಒಂದು ಪರೀಕ್ಷೆ. ಹಡಗಿನಲ್ಲಿ ನನ್ನ ಮೇಲಿನ ಕುಕ್ ಕಲಿಸಿಕೊಟ್ಟದ್ದು. ಒಗ್ಗರಣೆ ಸೌಟಿನಲ್ಲೋ ಚಿಕ್ಕ ಬಾಣಲೆಯಲ್ಲೋ ಅರ್ಧ ಲೋಟ ಬೀರ್ ಹಾಕಿ ಎರಡು ದೊಡ್ಡ ಚಮಚಕ್ಕೆ ಬತ್ತಿಸು. ಆರಿದ ಮೇಲೆ ನೆಕ್ಕಿ ನೋಡು. ಮುಖ ಗಂಟಾದರೆ ಆ ಬೀರ್ ಮಾಂಸಕ್ಕೆ ಬೇಡ. ಬ್ರೆಡ್ಡಿನ ಮೇಲ್ಪದರದ ಹಾಗೆ, ಹುರಿದ ಹಿಟ್ಟಿನ ಹಾಗೆ ಸ್ವಲ್ಪ ಸಿಹಿಯಾಗಿ ಅನಿಸಿದರೆ ಧೈರ್ಯವಾಗಿ ಹಾಕು. ಬಾಟಲಿಯ ಲೇಬಲ್ ಓದುವುದಕ್ಕಿಂತ ಈ ಐದು ನಿಮಿಷ ವಾಸಿ.

ಹಾಸನದಿಂದ, ಹೆಸರು ಬೇಡ ಎಂದವರು: ಅಂಗಡಿಯಲ್ಲಿ ಇಪ್ಪತ್ತು ತರಹದ ಬಾಟಲಿ ಇರುತ್ತವೆ. ಕೌಂಟರಿನಲ್ಲಿ ಜನ ನೂಕುತ್ತಿರುತ್ತಾರೆ. ಅಡುಗೆಗೆ ಯಾವುದು ಅಂತ ಒಂದೇ ಮಾತಿನಲ್ಲಿ ಹೇಳಿ.

ಒಂದೇ ಮಾತು: ಮೈಲ್ಡ್.

ಈಗ ಇನ್ನೂ ನಾಲ್ಕು ಮಾತು. ನಮ್ಮಲ್ಲಿ ಸ್ಟ್ರಾಂಗ್ ಅಂದರೆ 8 ಶೇಕಡದವರೆಗೆ ಆಲ್ಕೋಹಾಲ್, ಮೈಲ್ಡ್ ಅಂದರೆ 5ರ ಒಳಗೆ. ದುಡ್ಡಿಗೆ ಜಾಸ್ತಿ ಏಟು ಅಂತ ಸ್ಟ್ರಾಂಗ್ ತೆಗೆದುಕೊಳ್ಳುವುದು ಕುಡಿಯುವವರ ಲೆಕ್ಕ. ಪಾತ್ರೆಗೆ ಏಟು ಯಾಕೆ? ನನ್ನ ನಾಲಿಗೆಗೆ ಸ್ಟ್ರಾಂಗ್ ಬೀರ್ ಬತ್ತಿದಾಗ ಮೊದಲು ಒಂದು ಜಿಗುಟು ಸಿಹಿ, ಹಿಂದೆಯೇ ಗಂಟಲು ಹಿಡಿಯುವ ಘಾಟು. ಕಿಂಗ್‌ಫಿಶರ್ ಪ್ರೀಮಿಯಂ ತರಹದ ಸಾದಾ ಲಾಗರ್, ಅಂದರೆ ತಿಳಿ ಹಳದಿ ಬಣ್ಣದ ಹಗುರ ಬೀರ್, ಸಾಕು. ಕಹಿಯನ್ನು ಅಳೆಯಲು ಐಬಿಯು ಅಂತ ಒಂದು ಮಾಪನ ಇದೆ. ಇಂಥ ಹಗುರ ಲಾಗರ್‌ಗಳು ಅದರಲ್ಲಿ 10-15ರ ಸುತ್ತ ಇರುತ್ತವೆ. ಐಪಿಎ ಅಂತ ಬರೆದ ಬಾಟಲಿ, ಅಂದರೆ ಹಾಪ್ಸ್ ಜಾಸ್ತಿ ಹಾಕಿದ ಬೀರ್, ಈಗ ಬೆಂಗಳೂರಿನ ಹುಡುಗರಿಗೆ ಇಷ್ಟ. ಅದು 40ರಿಂದ 70. ಕುಡಿಯಲು ಏನಾದರೂ ಇರಲಿ, ಅದನ್ನು ಬತ್ತಿಸುವ ಸಾಹಸ ಮಾತ್ರ ಬೇಡ ಮಾರಾಯ್ರೇ.

ಕೋಳಿ, ಸಿಗಡಿ, ಮರುವಾಯಿ (ಚಿಪ್ಪಿನೊಳಗಿನ ಮಾಂಸ) ಇಂಥದಕ್ಕೆ ಗೋಧಿ ಬೀರ್ ಚೆಂದ. ಬೆಲ್ಜಿಯಂನ ಹ್ಯೂಗಾರ್ಡನ್ ಈಗ ನಮ್ಮಲ್ಲೂ ಸಿಗುತ್ತದೆ. ಅದಕ್ಕೆ ಅವರು ಏನು ಹಾಕುತ್ತಾರೆ ಗೊತ್ತಾ? ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ. ನಮ್ಮ ಮಸಾಲೆ ಡಬ್ಬಿಗೆ ನೆಂಟಸ್ತಿಕೆ ಇರುವ ಬೀರ್ ಅಂದರೆ ಅದು. ಕಹಿಯೂ ಕಡಿಮೆ.

ಹಂದಿ, ಮಟನ್ ಇಂಥ ನಿಧಾನಕ್ಕೆ ಬೇಯುವ ಮಾಂಸಕ್ಕೆ ಕಪ್ಪು ಅಥವಾ ಕಂದು ಬೀರ್. ಇದು ನನಗೆ ಗೊತ್ತಾದದ್ದು ಬೆಲ್ಜಿಯಂನ ಬಂದರು ಊರು ಆ್ಯಂಟ್‌ವರ್ಪ್‌ನಲ್ಲಿ. ಎಂಬತ್ತರ ದಶಕ, ಚಳಿಗಾಲ, ಕ್ರೇನ್ ಕೆಟ್ಟು ನಮ್ಮ ಹಡಗು ನಾಲ್ಕು ದಿನ ಶೆಲ್ಟ್ ನದಿಯ ದಂಡೆಯಲ್ಲೇ ನಿಂತಿತ್ತು. ಬಂದರಿನ ಹತ್ತಿರ ಒಬ್ಬಳು ಮುದುಕಿಯ ಊಟದ ಮನೆ. ಅಲ್ಲಿ ಸ್ಟೋಫ್‌ವ್ಲೇಸ್ ಅಂತ ಒಂದು ಮಾಂಸದ ಸಾರು, ಪಕ್ಕದಲ್ಲಿ ಕರಿದ ಆಲೂಗಡ್ಡೆ. ಮೊದಲ ದಿನ ತಿಂದೆ. ಎರಡನೆಯ ದಿನ ತಿಂದು ಅಡುಗೆಮನೆ ಬಾಗಿಲಿಗೆ ಹೋಗಿ ನಿಂತೆ. ಭಾಷೆ ಬರಲ್ಲ, ಆದರೆ ನನ್ನ ಕೈಯ ಸುಟ್ಟ ಗಾಯಗಳನ್ನು ನೋಡಿ ನಾನೂ ಒಲೆಯವನೇ ಅಂತ ಅವಳಿಗೆ ಗೊತ್ತಾಯಿತು. ಒಳಗೆ ಕರೆದಳು.

ದನದ ಮಾಂಸದ ದೊಡ್ಡ ತುಂಡುಗಳು, ರಾಶಿ ಈರುಳ್ಳಿ, ಆ ಊರಿನದೇ ಡೆ ಕೋನಿಂಕ್ ಎಂಬ ಕೆಂಪು ಛಾಯೆಯ ಬೀರ್. ಕೊನೆಗೆ ಒಂದು ಬ್ರೆಡ್ ಸ್ಲೈಸಿಗೆ ಸಾಸಿವೆ ಪೇಸ್ಟ್ ಬಳಿದು ಸಾರಿನ ಮೇಲೆ ಮಗುಚಿ ಹಾಕಿದಳು. ಬ್ರೆಡ್ ಕರಗಿ ಸಾರು ತಾನಾಗಿ ಗಟ್ಟಿ! ಬೀರ್‌ನ ಕಹಿ ಎಲ್ಲಿ ಹೋಯಿತು ಅಂತ ಕೇಳಿದರೆ ಈರುಳ್ಳಿ ತೋರಿಸಿದಳು. ಈರುಳ್ಳಿಯನ್ನು ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬಾಡಿಸಿದ್ದಳು. ಅದರ ಸಿಹಿಗೆ ಕಹಿ ಸೋತಿತ್ತು.

ಮನೆಯಲ್ಲಿ ನಾನು ಅದನ್ನೇ ಹಂದಿಗೆ ಇಳಿಸಿದ್ದೇನೆ. ಒಂದು ಕೆ.ಜಿ. ಮಾಂಸ, ಐದು ಈರುಳ್ಳಿ, 330 ಮಿ.ಲೀ. ಬೀರ್, ಎರಡು ಪಲಾವ್ ಎಲೆ, ಕಾಳುಮೆಣಸು, ಕೊನೆಗೆ ಒಂದು ಚಮಚ ವಿನೆಗರ್. ಎರಡು ಗಂಟೆ ಮಂದ ಉರಿ. ಕಪ್ಪು ಬೀರ್ ಎಲ್ಲ ಊರಲ್ಲೂ ಸಿಗುವುದಿಲ್ಲ, ಸಿಕ್ಕರೆ ದುಬಾರಿ. ಅದಕ್ಕೊಂದು ಕಳ್ಳದಾರಿ ಇದೆ. ಸಾದಾ ಲಾಗರ್‌ಗೆ ಗೋಲಿ ಗಾತ್ರದ ಬೆಲ್ಲ, ಎರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್, ಒಂದು ಚಮಚ ರಾಗಿ ಮಾಲ್ಟ್ ಹಿಟ್ಟು. ಆ ಮುದುಕಿ ತಿಂದರೆ ಏನನ್ನುತ್ತಿದ್ದಳೋ. ನನ್ನ ಅಳಿಯನಿಗೆ ಮಾತ್ರ ವ್ಯತ್ಯಾಸ ಗೊತ್ತಾಗಿಲ್ಲ.

ಕೊಳ್ಳುವಾಗ ಇನ್ನೊಂದು. ಬಿಸಿಲು ಬೀಳುವ ಗಾಜಿನ ಷೋಕೇಸಿನಲ್ಲಿಟ್ಟ ಬಾಟಲಿ ತರಬೇಡಿ. ಬೆಳಕು ಹಾಪ್ಸ್‌ಗೆ ತಾಗಿದರೆ ಒಂಥರಾ ಕೆಟ್ಟ ಗಂಧಕದ ವಾಸನೆ ಹುಟ್ಟುತ್ತದೆ. ಹಸಿರು ಮತ್ತು ಬಿಳಿ ಬಾಟಲಿಗೆ ಈ ಕಾಟ ಜಾಸ್ತಿ, ಕಂದು ಬಾಟಲಿಗೆ ಕಡಿಮೆ, ಕ್ಯಾನಿಗೆ ಇಲ್ಲವೇ ಇಲ್ಲ. ಅಡುಗೆಗೆ ನಾನು ಕ್ಯಾನೇ ತರುವುದು. ಅಳತೆಯೂ ಸರಿಹೋಗುತ್ತದೆ, ಉಳಿದದ್ದನ್ನು ಮುಗಿಸುವ ನೆಪವೂ ಇರುವುದಿಲ್ಲ.

ಶಿವಮೊಗ್ಗದ ಗೃಹಿಣಿ: ನಮ್ಮ ಮನೆಯವರು ಅರ್ಧ ಬಾಟಲಿ ಫ್ರಿಜ್ಜಿನಲ್ಲಿಟ್ಟು ಮರೆಯುತ್ತಾರೆ. ಗ್ಯಾಸೆಲ್ಲ ಹೋಗಿರುತ್ತದೆ. ಚೆಲ್ಲಲು ಮನಸ್ಸು ಬರಲ್ಲ.

ಚೆಲ್ಲಬೇಡಿ ಅಕ್ಕ. ಎರಡು-ಮೂರು ದಿನದೊಳಗಿನದಾದರೆ ಸಾರಿಗೆ ಧಾರಾಳ ಆಗುತ್ತದೆ. ಹೇಗೂ ಕುದಿಸುವಾಗ ಗ್ಯಾಸ್ ಹೋಗುವುದೇ ತಾನೆ? ಹಿಟ್ಟು ಕಲಸಿ ಕರಿಯುವುದಕ್ಕೆ ಮಾತ್ರ ಬರಲ್ಲ, ಅಲ್ಲಿ ಗುಳ್ಳೆಯೇ ಮುಖ್ಯ. ಇನ್ನು, ಅವರು ನಿಜವಾಗಿ ಮರೆಯುತ್ತಾರಾ ಅಂತ ನಾನು ಕೇಳುವುದಿಲ್ಲ.

ದಾವಣಗೆರೆಯ ತಾಯಿ: ಕುದಿಸಿದರೆ ಆಲ್ಕೋಹಾಲ್ ಪೂರ್ತಿ ಹೋಗುತ್ತದೆ ಅಂತ ನನ್ನ ತಮ್ಮ ಹೇಳುತ್ತಾನೆ. ಮಕ್ಕಳಿಗೆ ಕೊಡಬಹುದಾ?

ನಿಮ್ಮ ತಮ್ಮ ಹೇಳಿದ್ದು ಅರ್ಧ ಸತ್ಯ. ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಆದ್ದರಿಂದ ಅದು ಮೊದಲೇ ಹಾರಿಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ನೀರಿನ ಜೊತೆ ಬೆರೆತ ಮೇಲೆ ಅದು ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯೊಂದನ್ನು ಅಡುಗೆಯವರೆಲ್ಲ ನೋಡುತ್ತಾರೆ. ಅದರ ಪ್ರಕಾರ ಹದಿನೈದು ನಿಮಿಷ ಕುದಿಸಿದರೆ 40 ಶೇಕಡ ಉಳಿದಿರುತ್ತದೆ. ಅರ್ಧ ಗಂಟೆಗೆ 35, ಒಂದು ಗಂಟೆಗೆ 25, ಎರಡು ಗಂಟೆಗೆ 10, ಎರಡೂವರೆ ಗಂಟೆಗೆ 5.

ಲೆಕ್ಕ ಹಾಕಿ. 330 ಮಿ.ಲೀ. ಮೈಲ್ಡ್ ಕ್ಯಾನಿನಲ್ಲಿ ಸುಮಾರು 16 ಮಿ.ಲೀ. ಆಲ್ಕೋಹಾಲ್. ಒಂದು ಗಂಟೆ ಬೇಯಿಸಿದರೆ 4 ಮಿ.ಲೀ. ಉಳಿಯುತ್ತದೆ, ಆರು ಜನ ತಿಂದರೆ ಒಬ್ಬರಿಗೆ ಒಂದಕ್ಕಿಂತ ಕಡಿಮೆ. ಅದೇ 650ರ ಸ್ಟ್ರಾಂಗ್ ಬಾಟಲಿ ಸುರಿದು ಹದಿನೈದು ನಿಮಿಷಕ್ಕೆ ಇಳಿಸಿದರೆ ಪಾತ್ರೆಯಲ್ಲಿ 20 ಮಿ.ಲೀ. ಉಳಿದಿರುತ್ತದೆ. ಎರಡೂ ಒಂದೇ ಅಲ್ಲ. ಕುಕ್ಕರ್ ಮುಚ್ಚಳ ಹಾಕಿದರೆ ಹೊರಹೋಗುವ ದಾರಿಯೂ ಕಡಿಮೆ, ಅದಕ್ಕೇ ಮೊದಲು ತೆರೆದ ಪಾತ್ರೆಯಲ್ಲಿ ಕುದಿಸಿಕೊಳ್ಳಬೇಕು. ಮಕ್ಕಳಿಗೆ ಅಂತ ಕೇಳಿದರೆ ನನ್ನ ಉತ್ತರ ಬೇಡ. ನಮ್ಮ ಮನೆಯಲ್ಲಿ ಮೊಮ್ಮಕ್ಕಳ ಪಾಲನ್ನು ಬೀರ್ ಹಾಕುವ ಮೊದಲೇ ಬೇರೆ ತೆಗೆದಿಡುತ್ತೇನೆ. ಗರ್ಭಿಣಿಯರಿಗೂ ಹಾಗೆಯೇ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಜಿಗುಟು ಪ್ರೋಟೀನ್ ಆಗದವರಿಗೂ ಬೇಡ. ಕುಡಿತ ಬಿಡಲು ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆಯಲ್ಲಿ ಉಳಿದ ಚೂರು ಆಲ್ಕೋಹಾಲ್ ಕೂಡ ವಾಂತಿ, ಎದೆ ಬಡಿತ ತರಿಸಬಲ್ಲದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನಾನು ಒಮ್ಮೆ ತೆಗೆದುಕೊಂಡಿದ್ದೆ. ಹಡಗಿನಲ್ಲಿ ಎಂಜಿನ್ ಕೋಣೆಯ ಒಬ್ಬ ಇದ್ದ, ಕೇರಳದವನು. ಆ್ಯಂಟ್‌ವರ್ಪ್ ಸಾರು ಮಾಡಿದ ದಿನ ಎರಡು ಸಲ ಬಡಿಸಿಕೊಂಡ. ಬಟ್ಟಲು ಖಾಲಿಯಾದ ಮೇಲೆ ನಾನು ನಗುತ್ತಾ, 'ಅದರಲ್ಲಿ ಏನಿತ್ತು ಹೇಳು ನೋಡೋಣ' ಅಂದೆ. ಹೇಳಿದೆ. ಅವನು ನಗಲಿಲ್ಲ. ಚಮಚ ಕೆಳಗಿಟ್ಟು ಡೆಕ್ಕಿಗೆ ಹೋದ. ಆಮೇಲೆ ಗೊತ್ತಾಯಿತು, ಕುಡಿತ ಬಿಟ್ಟು ಎಂಟು ತಿಂಗಳಾಗಿತ್ತು. ಒಂದೊಂದು ದಿನವನ್ನೂ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದನಂತೆ. ಮರುದಿನ ಕ್ಷಮೆ ಕೇಳಿದೆ. 'ಮೊದಲೇ ಹೇಳಬಹುದಿತ್ತಲ್ಲ ಚೇಟಾ' ಅಂದ, ಅಷ್ಟೇ. ಅವತ್ತಿನಿಂದ ಬೀರ್ ಹಾಕಿದ ಪಾತ್ರೆಯ ಪಕ್ಕ ಚೀಟಿ ಇಡದೆ ನಾನು ಬಡಿಸಿಲ್ಲ. ಧರ್ಮದ ಕಾರಣಕ್ಕೆ ಬೇಡ ಅನ್ನುವವರಿಗೂ ಅದೇ ಚೀಟಿ. ಎಷ್ಟು ಹೊತ್ತು ಕುದಿಸಿದ್ದೀರಿ ಅಂತ ಅವರಿಗೆ ವಾದ ಮಾಡಲು ಹೋಗಬೇಡಿ.

ಚಿಕ್ಕಮಗಳೂರಿನಿಂದ, ತೋಟದ ಮನೆಯವರು: ನಾವು ಡಿಸೆಂಬರಿನಲ್ಲಿ ಕೆಂಡದ ಮೇಲೆ ಹಂದಿ ಸುಡುತ್ತೇವೆ. ಬೀರ್‌ನಲ್ಲಿ ನೆನೆಸಿದರೆ ಹೊಗೆಯ ವಿಷ ಕಡಿಮೆ ಆಗುತ್ತದೆ ಅಂತ ಓದಿದೆ. ನಿಜವಾ?

ಇದೊಂದು ಗಾಳಿಮಾತಲ್ಲ. ಪೋರ್ಚುಗಲ್‌ನ ಪೋರ್ಟೊ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದರು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಹೊಗೆ ಏಳುವಾಗ ಪಿಎಎಚ್ ಎಂಬ ಕೆಟ್ಟ ಪದಾರ್ಥಗಳು ಮಾಂಸಕ್ಕೆ ಹತ್ತುತ್ತವೆ. ಹಂದಿ ಮಾಂಸವನ್ನು ನಾಲ್ಕು ಗಂಟೆ ಬೀರ್‌ನಲ್ಲಿ ನೆನೆಸಿ ಸುಟ್ಟಾಗ, ಕಪ್ಪು ಬೀರ್‌ನದರಲ್ಲಿ ಅವುಗಳಲ್ಲಿ ಮುಖ್ಯವಾದವು ಅರ್ಧಕ್ಕಿಂತ ಜಾಸ್ತಿ ಕಡಿಮೆ ಇದ್ದವು, 53 ಶೇಕಡ. ಪಿಲ್ಸ್‌ನರ್ ಎಂಬ ಸಾದಾ ತಿಳಿ ಲಾಗರ್‌ನಲ್ಲಿ 13 ಮಾತ್ರ. ತಮಾಷೆ ಏನೆಂದರೆ ಆಲ್ಕೋಹಾಲ್ ಇಲ್ಲದ ಪಿಲ್ಸ್‌ನರ್ 25 ಇಳಿಸಿತ್ತು. ಅಂದರೆ ಈ ಕೆಲಸಕ್ಕೆ ಅಮಲು ಬೇಕಾಗಿಯೇ ಇಲ್ಲ. ಕುಡಿಯದ ಮನೆಯವರು ಆ ಕ್ಯಾನ್ ತರಬಹುದು.

ಆದರೆ ಬೀರ್ ಇದೆ ಅಂತ ಉರಿಯಲ್ಲಿ ಕರಕಲು ಮಾಡಬೇಡಿ. ಕೆಂಡ ಬೂದಿ ಮುಚ್ಚುವವರೆಗೆ ಕಾಯಿರಿ, ಕೊಬ್ಬಿನ ಪದರ ಸ್ವಲ್ಪ ಕತ್ತರಿಸಿ, ತಂತಿಬಲೆಯನ್ನು ಒಂದು ಗೇಣು ಮೇಲಕ್ಕೆ ಎತ್ತಿ. ಮಾಂಸವನ್ನು ಬೀರ್‌ನಿಂದ ತೆಗೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒಣಗಿಸುವುದನ್ನು ಬಿಡಬೇಡಿ. ಒದ್ದೆ ಮಾಂಸ ಸುಡುವುದಿಲ್ಲ, ಬೇಯುತ್ತದೆ.

ಶಿರಸಿಯಿಂದ: ನಾವು ಮಾಂಸ ತಿನ್ನಲ್ಲ. ಬೋಂಡಾ ಹಿಟ್ಟಿಗೆ ಬೀರ್ ಹಾಕಬಹುದಾ ಅಂತ ಸುಮ್ನೆ ಕುತೂಹಲ. ಹೆಸರು ಖಂಡಿತ ಹಾಕಬೇಡಿ!

ಹಾಕಿಲ್ಲ ಮಾರಾಯ್ರೇ, ಊರು ಮಾತ್ರ. ಇಂಗ್ಲೆಂಡಿನವರು ಮೀನು ಕರಿಯುವ ಮೈದಾ ಹಿಟ್ಟಿಗೆ ಬೀರ್ ಹಾಕುವುದು ಎರಡು ಕಾರಣಕ್ಕೆ. ಗುಳ್ಳೆಗಳಿಂದ ಹಿಟ್ಟು ಹಗುರ ಆಗುತ್ತದೆ, ಆಲ್ಕೋಹಾಲ್ ಮೈದಾದ ಗ್ಲುಟೆನ್ ಜಿಗಿ ಆಗದ ಹಾಗೆ ತಡೆಯುತ್ತದೆ. ಕಡಲೆ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಗುಳ್ಳೆಗೆ ನಿಮ್ಮ ಚಿಟಿಕೆ ಅಡುಗೆ ಸೋಡಾ ಇದೆ. ಐಸ್‌ನಷ್ಟು ತಣ್ಣಗಿನ ಸೋಡಾ ನೀರಿನಲ್ಲಿ ಕಲಸಿ, ತಕ್ಷಣ ಕರಿಯಿರಿ. ಬೀರ್‌ಗಾಗಿ ಬಸ್ ಹತ್ತುವ ಕಷ್ಟ ಬೇಡ.

ಮಡಿಕೇರಿಯಿಂದ: ಪಂದಿ ಕರಿಗೆ ಬೀರ್ ಹಾಕಿ ಅಂತ ಬರೆಯುತ್ತೀರೇನೋ ಅಂತ ಭಯದಿಂದ ಕಾಯುತ್ತಿದ್ದೇನೆ.

ಇಲ್ಲ. ಕಾಚಂಪುಳಿ ಇರುವ ಪಾತ್ರೆಗೆ ಬೀರ್ ಹಾಕುವಷ್ಟು ಕೆಟ್ಟಿಲ್ಲ ನಾನು. ಆ ಕಪ್ಪು ಹುಳಿ ಹಂದಿಯ ಕೊಬ್ಬನ್ನು ಹಿಡಿಯುವ ಹಾಗೆ ಬೀರ್‌ಗೆ ಎಂದಿಗೂ ಆಗುವುದಿಲ್ಲ. ಜೊತೆಗೆ ಹುರಿದು ಪುಡಿ ಮಾಡಿದ ಮಸಾಲೆಯ ಸಣ್ಣ ಕಹಿ ಅಲ್ಲಿ ಮೊದಲೇ ಇದೆ. ಅದರ ಮೇಲೆ ಹಾಪ್ಸ್ ಬಿದ್ದರೆ ಎರಡು ಕಹಿ ಜಗಳ ಆಡುತ್ತವೆ. ನಿಮ್ಮ ಬೀರ್ ಗ್ಲಾಸಿನಲ್ಲೇ ಇರಲಿ.

ಮಂಗಳೂರಿನ ಬಿಜೈಯಿಂದ: ನಿಮ್ಮ ಮನೆಯವರು ದುಕ್ರಾ ಮಾಸ್ (ನಮ್ಮ ಕಡೆಯ ಹಂದಿ ಸಾರು) ಮಾಡುವಾಗ ಬಫಾತ್ ಮಸಾಲೆಯ ಪಾತ್ರೆಗೆ ಬೀರ್ ಹಾಕಲು ಬಿಡುತ್ತಾರಾ?

ಒಂದು ಸಲ ಕ್ಯಾನ್ ಹಿಡಿದು ಒಲೆ ಹತ್ತಿರ ಹೋಗಿದ್ದೆ. ಅವಳು ವಿನೆಗರ್ ಬಾಟಲಿ ಕೆಳಗಿಡಲಿಲ್ಲ, ತಿರುಗಿಯೂ ನೋಡಲಿಲ್ಲ. 'ಹಡಗಿನಲ್ಲಿ ಹಾಕಿ' ಅಂದಳು.